ಭರಣಿಯಿಂದ ಪುಟ್ಟ ಬಾಟಲಿಗೆ

ಶಿರಸಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬಟ್ಟೆಬರೆಗಿಂತ ತಿನ್ನುವ ಸಾಮಾನೇ ಹೆಚ್ಚು. ಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಮನೆಯ ತುಪ್ಪ. ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲೂ ಇದೇ ಕತೆ. ಮಗಳ ಮನೆಗೆ, ತಮ್ಮನ ಮನೆಗೆ, ಗೃಹಪ್ರವೇಶಕ್ಕೆ ಕರೆದ ಸ್ನೇಹಿತರ ಮನೆಗೆ ಇವನ್ನು ಕಳಿಸುವುದು ಇಲ್ಲಿಯವರಿಗೆ ಹೊಸದಲ್ಲ. ಬದಲಾಗಿರುವುದು ತಗೊಳ್ಳುವ ಮನೆಯ ಗಾತ್ರ. ಹತ್ತಿಪ್ಪತ್ತು ಜನ ಉಣ್ಣುತ್ತಿದ್ದ ಮನೆಯಲ್ಲಿ ಐದು ಕಿಲೋ ಬೆಲ್ಲದ ಡಬ್ಬ ತಿಂಗಳೊಪ್ಪತ್ತಿನಲ್ಲಿ ಖಾಲಿ. ಈಗ ಅದೇ ಡಬ್ಬ ಗಂಡ ಹೆಂಡತಿ ಇಬ್ಬರೇ ಇರುವ ಫ್ಲ್ಯಾಟಿಗೆ ಹೋದರೆ, ಅರ್ಧ ತಿನ್ನುವುದರೊಳಗೆ ಬೂಷ್ಟು ಹಿಡಿದು ಸಿಂಕಿನ ಪಾಲಾಗುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ್ದು ಹಾಗೆ ಹಾಳಾಗಬಾರದು.

ಇನ್ನೂರು ಮಿಲಿಲೀಟರಿನ ಒಂದು ಗಾಜಿನ ಬಾಟಲಿ ಇದಕ್ಕೆ ಸರಿಯಾದ ಉತ್ತರ. ಒಂದು ಮನೆ ಒಂದು ತಿಂಗಳಲ್ಲಿ ಮುಗಿಸುವಷ್ಟು ಅದರಲ್ಲಿ ಹಿಡಿಯುತ್ತದೆ. ಒಂದು ದೊಡ್ಡ ಡಬ್ಬದ ಬದಲು ನಾಲ್ಕು ಬಗೆಯ ನಾಲ್ಕು ಬಾಟಲಿ ಕೊಟ್ಟರೆ ಊರಿನ ಇಡೀ ವರ್ಷ ಅವರ ಅಡುಗೆಮನೆಯ ಕಟ್ಟೆ ಮೇಲೆ ಕೂರುತ್ತದೆ. ಬಾಟಲಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಜಾಮ್, ಕಾಫಿ ಪುಡಿ, ಜೇನುತುಪ್ಪ, ಅಂಗಡಿಯ ಉಪ್ಪಿನಕಾಯಿ ಬಂದ ಬಾಟಲಿಗಳು ಎಲ್ಲರ ಮನೆಯ ಅಟ್ಟದಲ್ಲೂ ಇವೆ. ಹಳಬರು ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಜೀರಿಗೆ, ಏಲಕ್ಕಿ ತುಂಬಿಟ್ಟ ಊರು ಇದು. “ಆ ಬಾಟ್ಲಿ ಒಗ್ಯಡ ತಂಗೀ, ಮಿಡಿ ತುಂಬ್ಲಕ್ಕು” ಎನ್ನುವ ಮಾತು ಈಗಲೂ ಹವ್ಯಕರ ಅಡುಗೆಮನೆಗಳಲ್ಲಿ ಕೇಳುತ್ತದೆ. ಆ ಮಾತನ್ನು ಸ್ವಲ್ಪ ಶಿಸ್ತಿನಿಂದ ಪಾಲಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಯಾವ ಬಾಟಲಿಗೆ ಯಾವುದು

ಮೊದಲು ಗಾಜು ಮಾತ್ರ ಆರಿಸಿಟ್ಟುಕೊಳ್ಳಿ. ಒಮ್ಮೆ ಬಳಸಿದ ಪ್ಲಾಸ್ಟಿಕ್ ಡಬ್ಬಗಳನ್ನು ಉಪ್ಪು, ಹುಳಿ, ಎಣ್ಣೆ ಇರುವ ಯಾವುದಕ್ಕೂ ಬಳಸಬೇಡಿ. ಅವನ್ನು ಕುದಿಸಿ ಶುದ್ಧ ಮಾಡಲು ಬರುವುದಿಲ್ಲ, ಹಳೆಯ ವಾಸನೆಯೂ ಬಿಡುವುದಿಲ್ಲ. ಫಿನಾಯಿಲ್, ಸೀಮೆಎಣ್ಣೆ, ತೋಟದ ಔಷಧಿ ಒಂದು ಸಲ ತುಂಬಿದ ಬಾಟಲಿ ಎಷ್ಟೇ ಚೆಂದವಿದ್ದರೂ ತಿನ್ನುವ ಪದಾರ್ಥಕ್ಕೆ ಬೇಡ. ಅಂಥದ್ದು ಮನೆಯಲ್ಲಿದ್ದರೆ ಉಳಿದವುಗಳ ಜೊತೆ ಸೇರದ ಹಾಗೆ ಬೇರೆಯೇ ಇಡಿ.

ಗಾಜಿನ ಬಾಟಲಿಯ ಬಾಯಿಯ ಸುತ್ತ ಒಂದು ಚೂರು ಹತ್ತಿಯನ್ನು ಸವರಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ ಎಂದರ್ಥ. ಅದನ್ನು ಪೆನ್ನು ಪೆನ್ಸಿಲ್ ಇಡಲು ಬಳಸಿಕೊಳ್ಳಿ. ಗಾಜಿಗೆ ವಾಸನೆ ಹಿಡಿಯುವುದಿಲ್ಲ, ಮುಚ್ಚಳದ ಒಳಗಿನ ರಬ್ಬರಿನಂಥ ಪದರಕ್ಕೆ ಹಿಡಿಯುತ್ತದೆ. ಬೆಳ್ಳುಳ್ಳಿ ಉಪ್ಪಿನಕಾಯಿ ಬಂದ ಬಾಟಲಿಗೆ ಜೇನು ತುಂಬಿದರೆ ಜೇನು ಬೆಳ್ಳುಳ್ಳಿ ನಾರುವುದು ಇದೇ ಕಾರಣಕ್ಕೆ. ಹಾಗಾಗಿ ಜೇನಿನ ಬಾಟಲಿ ಜೇನಿಗೆ, ಇಲ್ಲವೆ ಜೋನಿ ಬೆಲ್ಲಕ್ಕೆ. ಜಾಮಿನ ಬಾಟಲಿ ಮುರುಗಲಿನ ಪಾಕಕ್ಕೆ. ಉಪ್ಪಿನಕಾಯಿಯದು ಮತ್ತೆ ಉಪ್ಪಿನಕಾಯಿಗೆ. ಪ್ಲಾಸ್ಟಿಕ್ ಮುಚ್ಚಳದ ಅಗಲ ಬಾಯಿಯ ಕಾಫಿ ಬಾಟಲಿ ಒಣ ಪುಡಿಗಳಿಗೆ ಹೇಳಿ ಮಾಡಿಸಿದ್ದು. ತವರದ ಮುಚ್ಚಳಕ್ಕೆ ತುಕ್ಕಿನ ಒಂದು ಚುಕ್ಕೆ ಕಂಡರೂ ಎಸೆಯಿರಿ. ಉಪ್ಪು ಮತ್ತು ಹುಳಿಯ ಆವಿ ಆ ಚುಕ್ಕೆಯನ್ನು ಒಂದು ಮಳೆಗಾಲದಲ್ಲಿ ತೂತು ಮಾಡುತ್ತದೆ. ಉಪ್ಪಿನಕಾಯಿಗೆ ತವರದ ಮುಚ್ಚಳವೇ ಗತಿ ಎಂದಾದರೆ ಬಾಟಲಿಯ ಬಾಯಿಗೆ ಬಟರ್ ಪೇಪರಿನ ಒಂದು ಪದರ ಹಾಸಿ ಅದರ ಮೇಲೆ ಮುಚ್ಚಳ ತಿರುಗಿಸಿ.

ಚೀಟಿ ಕೀಳಲು ಬಿಸಿನೀರಿನಲ್ಲಿ ಒಂದು ತಾಸು ನೆನೆಸಬೇಕು. ಉಳಿದ ಅಂಟಿನ ಮೇಲೆ ಕೊಬ್ಬರಿ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ತಿಕ್ಕಿದರೆ ಎದ್ದು ಬರುತ್ತದೆ. ಆಮೇಲೆ ಸೋಪು ಹಾಕಿ ತೊಳೆದು, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ತುಂಬಿ ಒಲೆಗೇರಿಸಿ. ತಣ್ಣನೆಯ ಗಾಜನ್ನು ಕುದಿಯುವ ನೀರಿಗೆ ಹಾಕಿದರೆ ಸೀಳುತ್ತದೆ. ಕುದಿ ಬಂದ ಮೇಲೆ ಹತ್ತು ನಿಮಿಷ ಎಂಬುದು ಸಾಮಾನ್ಯ ಲೆಕ್ಕ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಅದಕ್ಕೆ ಇನ್ನೆರಡು ನಿಮಿಷ ಸೇರಿಸಿ. ಮುಚ್ಚಳಗಳನ್ನು ಮಾತ್ರ ಕುದಿಸಬೇಡಿ, ಒಳಪದರ ಮೆತ್ತಗಾಗಿ ಬಿಡುತ್ತದೆ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಾಕು.

ಇಷ್ಟಾದ ಮೇಲೆ ಒಣಗಿಸುವುದು. ಬಟ್ಟೆಯಿಂದ ಒಳಗೆ ಒರೆಸಬೇಡಿ, ಬಟ್ಟೆಯಲ್ಲಿರುವುದೆಲ್ಲ ಮತ್ತೆ ಬಾಟಲಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಂಗಳದ ಬಿಸಿಲಿನಲ್ಲಿ ಬೋರಲು ಹಾಕಿ, ಆಮೇಲೆ ಮಗುಚಿ ಇಡಿ. ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದ್ದ ಮನೆಯವರು ಅದರ ಮೂಲೆಯಲ್ಲಿ ಇಡಬಹುದು. ಓವನ್ ಇದ್ದವರಿಗೆ 110 ಡಿಗ್ರಿಯಲ್ಲಿ ಹದಿನೈದು ನಿಮಿಷ. ಒಂದು ಹನಿ ನೀರು ಒಳಗೆ ಉಳಿದರೂ ಮುಂದಿನದ್ದೆಲ್ಲ ವ್ಯರ್ಥ.

ಕಾಪಾಡುವುದು ಮುಚ್ಚಳ ಅಲ್ಲ

ಇದನ್ನು ಬಿಡಿಸಿ ಹೇಳಲೇಬೇಕು. ಕಾರ್ಖಾನೆಯ ಜಾಮ್ ಬಾಟಲಿ ಮೊದಲ ಸಲ ತೆರೆದಾಗ ‘ಟಕ್’ ಎನ್ನುತ್ತದಲ್ಲ, ಅದು ಒಳಗಿನ ನಿರ್ವಾತ ಬಿಡುಗಡೆಯಾದ ಸದ್ದು. ಆ ಮುಚ್ಚಳ ಒಂದು ಸಲದ ಕೆಲಸಕ್ಕೆ ತಯಾರಾದದ್ದು. ಮನೆಯಲ್ಲಿ ಬಿಸಿಬಿಸಿ ತುಂಬಿ ಅದನ್ನೇ ತಿರುಗಿಸಿ ಮುಚ್ಚಿದರೆ ಮತ್ತೆ ಅದೇ ಭದ್ರತೆ ಬರುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಹಳೆಯ ಬಾಟಲಿಯಲ್ಲಿ ಉಡುಗೊರೆ ಕೊಡುವವರು, ಮುಚ್ಚಳದ ಹಂಗಿಲ್ಲದೆ ತಾನೇ ಉಳಿಯುವ ಪದಾರ್ಥವನ್ನೇ ಆರಿಸಬೇಕು. ಉಪ್ಪು ತುಂಬ ಇರುವುದು, ಸಕ್ಕರೆ ಅಥವಾ ಬೆಲ್ಲ ತುಂಬ ಇರುವುದು, ತೀಕ್ಷ್ಣ ಹುಳಿ ಇರುವುದು, ನೀರಿನ ಅಂಶವೇ ಇಲ್ಲದಂತೆ ಒಣಗಿದ್ದು. ನಮ್ಮ ಅದೃಷ್ಟಕ್ಕೆ ಘಟ್ಟದ ಮೇಲಿನ ಅಡುಗೆಮನೆ ಈ ನಾಲ್ಕರ ಮೇಲೇ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ಸೀಮೆಯಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ, ಬೇಸಿಗೆಯಲ್ಲಿ ಸಿಕ್ಕಿದ್ದನ್ನು ಮಳೆಗಾಲ ದಾಟಿಸಲು ನಮ್ಮ ಅಜ್ಜಿಯಂದಿರು ಕಂಡುಕೊಂಡ ದಾರಿಗಳಿವು.

ಅಪ್ಪೆಮಿಡಿ

ಉಡುಗೊರೆ ಎಂದರೆ ಮೊದಲು ನೆನಪಾಗುವುದು ಇದೇ. ಅಘನಾಶಿನಿ, ಬೇಡ್ತಿ, ಶರಾವತಿ, ಕಾಳಿ ನದಿಗಳ ದಂಡೆಯ ಕಾಡಿನಲ್ಲಿ ತಾನಾಗಿ ಬೆಳೆದ ಮಾವಿನ ಮರಗಳ ಎಳೆಮಿಡಿ. ಒಂದೊಂದು ಮರದ್ದೂ ಒಂದೊಂದು ಪರಿಮಳ. ಅನಂತಭಟ್ಟನ ಅಪ್ಪೆ ಎಂದರೆ ಬಲ್ಲವರು ದೂರದಿಂದ ಹುಡುಕಿಕೊಂಡು ಬರುತ್ತಾರೆ. ಜೀರಿಗೆಯ ಪರಿಮಳದ್ದು ಬೇರೆ, ಕರ್ಪೂರದ ಪರಿಮಳದ್ದು ಬೇರೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ದೂರದವರಿಗೆ ಕೊಡುವಾಗ ಯಾವ ಜಾತಿ, ಯಾವ ಹೊಳೆದಂಡೆಯ ಮರ ಎಂದು ಚೀಟಿಯಲ್ಲಿ ಬರೆಯಿರಿ. ತಿನ್ನುವವರಿಗೆ ಅದು ಗೊತ್ತಾಗಬೇಕು.

ಮಿಡಿ ಕೊಯ್ಯುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ತೊಟ್ಟಿನೊಂದಿಗೆ ಕೈಯಿಂದ ಬಿಡಿಸಿದ್ದು, ಸೊನೆ ಸೋರಿ ಹೋಗದ್ದು ಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಮೆತ್ತಗೆ ಮಾಡುತ್ತದೆ. ಕೆಲವು ಕಡೆ ಬೇಗ ಮುಗಿಸಲೆಂದು ಕೊಂಬೆಗಳನ್ನೇ ಕಡಿದು ಕೆಡವಿ ಮಿಡಿ ಬಿಡಿಸಿಕೊಳ್ಳುತ್ತಾರೆ. ಹೀಗೆ ಎಷ್ಟೋ ಹಳೆಯ ಮರಗಳು ಹೋಗಿವೆ. ಕೊಳ್ಳುವಾಗ ಹೇಗೆ ಕೊಯ್ದದ್ದು ಎಂದು ಕೇಳಿ. ಕೊಂಬೆ ಕಡಿದ ಮಿಡಿ ಎಷ್ಟೇ ಸೋವಿಯಾಗಿ ಸಿಕ್ಕರೂ ಬೇಡ ಎನ್ನಿ. ಜಾಗ ಇದ್ದವರು ಕಸಿ ಗಿಡ ತಂದು ನೆಡಬಹುದು, ಶಿರಸಿ ಸುತ್ತಿನ ನರ್ಸರಿಗಳಲ್ಲಿ ಒಳ್ಳೆಯ ಜಾತಿಯ ಅಪ್ಪೆಯ ಕಸಿ ಸಿಗುತ್ತದೆ.

ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಹಸಿ ಪೂರ್ತಿ ಆರಿದ ಮೇಲೆ ತೊಟ್ಟನ್ನು ಸ್ವಲ್ಪವೇ ಉಳಿಸಿ ಕತ್ತರಿಸಿ. ಭರಣಿಯಲ್ಲಿ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು ಎಂಬುದು ಅನೇಕ ಮನೆಗಳ ಅಳತೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ಅಡಿಮೇಲು ಮಾಡಿ. ಎರಡು ವಾರದೊಳಗೆ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಿ. ಚಿರುಟಿದ ಒಂದು ಕಿಲೋ ಮಿಡಿಗೆ ಸುಮಾರು 150 ಗ್ರಾಂ ಬ್ಯಾಡಗಿ ಮೆಣಸು, 100 ಗ್ರಾಂ ಸಾಸಿವೆ, ಎರಡು ಚಮಚ ಅರಿಶಿನ. ಇವನ್ನು ಬೇರೆ ನೀರು ಸೋಕಿಸದೆ ಆ ಉಪ್ಪುನೀರಿನಲ್ಲೇ ರುಬ್ಬಿ ಮಿಡಿಗೆ ಕಲಸಬೇಕು. ಇಲ್ಲಿಯ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಬೇಕಿಲ್ಲ. ಸೊನೆ, ಹುಳಿ ಮತ್ತು ಉಪ್ಪೇ ಅದನ್ನು ಕಾಯುತ್ತವೆ.

ಈಗ ಸಣ್ಣ ಬಾಟಲಿಯ ವಿಷಯ. ಹೊಸದಾಗಿ ಕಲಸಿದ್ದನ್ನು ನೇರ ಬಾಟಲಿಗೆ ತುಂಬಬೇಡಿ. ಅದು ಇನ್ನೂ ಉಸಿರಾಡುತ್ತಿರುತ್ತದೆ, ಗಾಳಿ ಬಿಡುತ್ತದೆ. ಬಿಗಿ ಮುಚ್ಚಳ ಹಾಕಿ ಬಸ್ಸಿಗೇರಿಸಿದರೆ ರಸ ಉಕ್ಕಿ ಚೀಲವೆಲ್ಲ ಕೆಂಪಾಗುತ್ತದೆ. ಭರಣಿಯಲ್ಲೇ ಎರಡು ಮೂರು ತಿಂಗಳು ಬಿಡಿ. ಅಂದರೆ ಮಾರ್ಚ್‌ನಲ್ಲಿ ಹಾಕಿದ ಮಿಡಿ ಚೌತಿಗೆ, ದೀಪಾವಳಿಯ ದೊಡ್ಡಹಬ್ಬಕ್ಕೆ ಕೊಡಲು ಸಿದ್ಧ. ಬಾಟಲಿಗೆ ಹಾಕುವಾಗ ಮಿಡಿಯನ್ನು ಒತ್ತಿ ತುರುಕದೆ, ರಸ ಮಿಡಿಯ ಮೇಲೆ ಬರುವಂತೆ ನೋಡಿಕೊಳ್ಳಿ. ರಸದಿಂದ ಹೊರಗೆ ಇಣುಕಿದ ಮಿಡಿಗೇ ಮೊದಲು ಬೂಷ್ಟು ಬರುವುದು. ಮೇಲೆ ಒಂದು ಬೆರಳಿನಷ್ಟು ಖಾಲಿ ಇರಲಿ. ಇನ್ನೂರು ಮಿಲಿಯ ಬಾಟಲಿಯಲ್ಲಿ ಗಾತ್ರ ನೋಡಿಕೊಂಡು ಹದಿನೈದು ಇಪ್ಪತ್ತು ಮಿಡಿ ಹಿಡಿಯುತ್ತದೆ. ದಿನಕ್ಕೊಮ್ಮೆ ಮೊಸರನ್ನಕ್ಕೆ ಒಂದೊಂದೇ ಕಚ್ಚಿಕೊಳ್ಳುವ ಇಬ್ಬರ ಮನೆಗೆ ಇದು ವಾರ ಹತ್ತು ದಿನ ಬರುತ್ತದೆ.

ಜೋನಿ ಬೆಲ್ಲ

ಸಂಕ್ರಾಂತಿ ಕಳೆದ ಮೇಲೆ ಆಲೆಮನೆಗಳ ಕಾಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಸುಮಾರು 105 ಡಿಗ್ರಿ ಮುಟ್ಟಿದಾಗ ಇಳಿಸಿದರೆ ಜೋನಿ ಬೆಲ್ಲ. ಇನ್ನೂ ಮುಂದೆ 118 ಡಿಗ್ರಿವರೆಗೆ ಕಾಯಿಸಿದರೆ ಅಚ್ಚಿನ ಬೆಲ್ಲ. ಈ ಹದಿಮೂರು ಡಿಗ್ರಿಯೊಳಗೇ ಉಡುಗೊರೆಯ ಭವಿಷ್ಯ ಇದೆ. ಪಾಕ ಎಳೆಯದಾಗಿ ಇಳಿಸಿದ ಬೆಲ್ಲ ಜುಲೈ ಹೊತ್ತಿಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ಕೊಳ್ಳುವಾಗ ಒಂದು ಬಟ್ಟಲು ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡಿ. ಕದಡದೆ ತಳಕ್ಕಿಳಿದು ಕೂತರೆ ಪಾಕ ಸಾಕು. ಕದಡಿ ಹೋದರೆ ಮನೆಯಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಿ ಗಟ್ಟಿ ಮಾಡಿಕೊಂಡು ತುಂಬಿ.

ಬೆಚ್ಚಗಿರುವಾಗಲೇ ತುಂಬಬೇಕು, ಬಾಟಲಿಯೂ ಬೆಚ್ಚಗಿರಬೇಕು. ತಣ್ಣನೆಯ ಬೆಲ್ಲ ಸಣ್ಣ ಬಾಯಿಗೆ ಇಳಿಯುವುದಿಲ್ಲ, ಸುಡುವ ಬೆಲ್ಲ ತಣ್ಣನೆಯ ಗಾಜನ್ನು ಒಡೆಯುತ್ತದೆ. ಮುಚ್ಚುವುದು ಮಾತ್ರ ಪೂರ್ತಿ ಆರಿದ ಮೇಲೆ. ಬಿಸಿಯಲ್ಲಿ ಮುಚ್ಚಿದರೆ ಆವಿ ಮುಚ್ಚಳದ ಒಳಗೆ ನೀರಾಗಿ ಮತ್ತೆ ಬೆಲ್ಲದ ಮೇಲೇ ಬೀಳುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದ. ನೂರು ಮಿಲಿ ಹಿಡಿಯುವ ಬಾಟಲಿಯಲ್ಲಿ ಸುಮಾರು 140 ಗ್ರಾಂ ಬೆಲ್ಲ ಹಿಡಿಯುತ್ತದೆ, ಇನ್ನೂರು ಮಿಲಿಯಲ್ಲಿ 280. ಕೆಲವು ತಿಂಗಳಲ್ಲಿ ತಳದಲ್ಲಿ ಹರಳು ಕಟ್ಟುತ್ತದೆ. ಅದು ಕೆಟ್ಟದ್ದಲ್ಲ, ಬೆಲ್ಲದ ಸಕ್ಕರೆಯೇ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ಪೇಟೆಯವರಿಗೆ ಇದು ಗೊತ್ತಿರುವುದಿಲ್ಲ, ‘ಸಕ್ಕರೆ ಬೆರೆಸಿದ್ದಾರೆ’ ಎಂದು ತಿಳಿಯುತ್ತಾರೆ. ಚೀಟಿಯಲ್ಲಿ ಒಂದು ಸಾಲು ಬರೆದುಬಿಡಿ.

ಜೊತೆಗೆ ತೊಡದೇವು ಇದ್ದರೆ ಇನ್ನೂ ಚೆನ್ನ. ಮಗುಚಿದ ಮಡಕೆಯ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟಿನ ಬಂಧವನ್ನು ಬಟ್ಟೆಯಿಂದ ಎಳೆದು ಮಾಡುವ ಆ ಕಾಗದದಂಥ ತಿಂಡಿಯನ್ನು ಬಾಟಲಿಗೆ ತುರುಕಲಾಗದು, ಅಗಲವಾದ ತಗಡಿನ ಡಬ್ಬವೇ ಬೇಕು. ತೊಡದೇವು ಸಿಗದಿದ್ದರೆ ತೆಳ್ಳೇವು ಎನ್ನುವ ತೆಳು ದೋಸೆಗೆ ಬೆಲ್ಲ, ತುಪ್ಪ ಹಾಕಿಕೊಂಡು ತಿನ್ನಲು ಹೇಳಿ.

ಮುರುಗಲು, ವಾಟೆ, ಉಪ್ಪಾಗೆ

ಕರಾವಳಿಯವರು ಬಿರಿಂಡೆ, ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಮುರುಗಲು ಏಪ್ರಿಲ್, ಮೇ ತಿಂಗಳ ಹಣ್ಣು. ಮಾಡಲು ಇಷ್ಟು ಸುಲಭದ, ನೋಡಲು ಇಷ್ಟು ಚೆಂದದ ಇನ್ನೊಂದು ಉಡುಗೊರೆ ನನಗೆ ತಿಳಿದಂತೆ ಇಲ್ಲ. ಹಣ್ಣು ತೊಳೆದು ಒರೆಸಿ, ಇಬ್ಭಾಗ ಮಾಡಿ ಬೀಜ ತೆಗೆಯಿರಿ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯನ್ನು ಪದರ ಪದರವಾಗಿ ದೊಡ್ಡ ಗಾಜಿನ ಜಾಡಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನಾ ಒಂದು ಸಲ ಒಣ ಸೌಟಿನಲ್ಲಿ ಕದಡಿ. ವಾರ ಹತ್ತು ದಿನದಲ್ಲಿ ಸಕ್ಕರೆಯೆಲ್ಲ ಕರಗಿ ದಾಸವಾಳದ ಬಣ್ಣದ ಪಾಕವಾಗುತ್ತದೆ. ಒಲೆಯ ಕೆಲಸವೇ ಇಲ್ಲ. ಸೋಸಿ ಬಾಟಲಿಗೆ ತುಂಬುವುದಷ್ಟೆ.

ಸಕ್ಕರೆ ಹೆಚ್ಚಾಯಿತೆಂದು ಕಡಿಮೆ ಮಾಡುವವರು ಅನೇಕರು. ಆಗ ಅದು ಎರಡು ತಿಂಗಳಲ್ಲಿ ಹುಳಿತು ಮುಚ್ಚಳ ಎಬ್ಬಿಸುತ್ತದೆ. ಸಕ್ಕರೆ ಬೇಡವೆನ್ನುವವರಿಗೆ ಉಪ್ಪು ಸವರಿ ಒಣಗಿಸಿದ ಸಿಪ್ಪೆಯನ್ನೇ ಕಾಫಿ ಬಾಟಲಿಯಲ್ಲಿ ಕೊಡಿ, ಸಾರು, ತಂಬುಳಿ ಮಾಡಿಕೊಳ್ಳುತ್ತಾರೆ. ಪಾಕವಾದರೆ ಲೋಟಕ್ಕೆ ಎರಡು ದೊಡ್ಡ ಚಮಚ, ಉಳಿದದ್ದು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಇನ್ನೂರು ಮಿಲಿ ಬಾಟಲಿಯಿಂದ ಆರೇಳು ಲೋಟ ಆಗುತ್ತದೆ. ಸೋಸಿ ಉಳಿದ ಸಿಪ್ಪೆಯನ್ನು ಬಿಸಿಲಲ್ಲಿ ಒಣಗಿಸಿದರೆ ಮಕ್ಕಳಿಗೆ ಸಿಹಿಹುಳಿ ಮಿಠಾಯಿ.

ವಾಟೆಹುಳಿ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ, ಅದಕ್ಕೇ ಅದನ್ನು ಕೊಡಬೇಕು. ಬಲಿತ ವಾಟೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಮಳೆ ಬರುವ ಮುಂಚೆ ನಾಲ್ಕೈದು ಖಡಕ್ ಬಿಸಿಲಲ್ಲಿ ಒಣಗಿಸಿ. ಮುರಿದರೆ ‘ಚಟ್’ ಎನ್ನಬೇಕು. ಬಾಗಿದರೆ ಇನ್ನೂ ನೀರಿದೆ. ಹೋಳಾಗಿಯೂ ಕೊಡಬಹುದು, ಪುಡಿ ಮಾಡಿಯೂ ಕೊಡಬಹುದು. ಹುಣಿಸೆ ಹಾಕುವಲ್ಲೆಲ್ಲ ಹಾಕಬಹುದು ಎಂದು ಬರೆದಿಡಿ. ಉಪ್ಪಾಗೆ ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವೂ ಇಲ್ಲಿನದೇ ಸೊತ್ತು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ದೋಸೆಗೆ ಹಾಕಿಕೊಂಡು ತಿನ್ನುತ್ತಿದ್ದ ಈ ಗಟ್ಟಿ ತುಪ್ಪ ಐವತ್ತು ಮಿಲಿಯ ಪುಟ್ಟ ಬಾಟಲಿಗೆ ಸರಿಹೊಂದುತ್ತದೆ. ತೊಂಬತ್ತರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಗೆ ಹೊರದೇಶದಲ್ಲಿ ತೂಕ ಇಳಿಸುವ ಮದ್ದಿನ ಬೇಡಿಕೆ ಬಂದಾಗ ಕಾಯಿ ಬಲಿಯುವ ಮೊದಲೇ ಕೊಯ್ದು, ಸಿಪ್ಪೆ ಒಣಗಿಸಲು ರಾಶಿ ಕಟ್ಟಿಗೆ ಸುಟ್ಟರು. ಕಾಡಿನ ಹಣ್ಣಿನಲ್ಲಿ ಹಕ್ಕಿಗೂ ಮಂಗನಿಗೂ ಪಾಲಿದೆ. ಮನೆಗೆ ಬೇಕಾದಷ್ಟು, ಉದುರಿದ ಹಣ್ಣಿನದ್ದು ತಂದರೆ ಸಾಕು.

ಖಾರದ ಎರಡು ಬಾಟಲಿ

ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ತೋಟದ ಕಾಳುಮೆಣಸಿನ ಬಳ್ಳಿಯಲ್ಲಿ ಕರೆಗಳು ಬಲಿತು ಇನ್ನೂ ಹಸಿರಾಗಿರುತ್ತವೆ. ಕಾಳು ಗಟ್ಟಿಯಾಗುವ ಮೊದಲು 250 ಗ್ರಾಂ ಕರೆ ಕೊಯ್ದು, ತೊಳೆದು, ನೆರಳಲ್ಲಿ ಆರಿಸಿ, ಎರಡು ಇಂಚಿನ ತುಂಡು ಮಾಡಿ. 60 ಗ್ರಾಂ ಉಪ್ಪು ಬೆರೆಸಿ, ಮುಳುಗುವಷ್ಟು ಲಿಂಬೆರಸ ಹಿಂಡಿ. ಹತ್ತು ಹದಿನೈದು ಲಿಂಬೆ ಬೇಕಾಗಬಹುದು. ಮೂರು ವಾರಕ್ಕೆ ಹದವಾಗುತ್ತದೆ. ಕರೆ ಕಪ್ಪುಹಸಿರಾದರೆ ಹೆದರಬೇಡಿ. ಸೂಜಿಮೆಣಸಿಗೂ ಇದೇ ಕ್ರಮ. ಜೀರಿಗೆ ಮೆಣಸು ಎಂದೂ ಕರೆಯುವ ಆ ಕಿರುಬೆರಳ ಉಗುರಿನಷ್ಟರ ಮೆಣಸು ನೂರು ಗ್ರಾಮಿಗೆ 25 ಗ್ರಾಂ ಉಪ್ಪು, ಚಿಟಿಕೆ ಅರಿಶಿನ, ಮುಳುಗುವಷ್ಟು ಲಿಂಬೆರಸ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಮುಟ್ಟಿ. ಇದನ್ನು ಅತಿ ಸಣ್ಣ ಬಾಟಲಿಯಲ್ಲೇ ಕೊಡಿ, ಒಂದು ಊಟಕ್ಕೆ ಒಂದು ಮೆಣಸು ಧಾರಾಳ.

ಜೇನು

ಯಲ್ಲಾಪುರದ ಕಾಡಿನಂಚಿನ ಸಿದ್ದಿ ಕುಟುಂಬಗಳಿಗೆ ಜೇನು ಹುಡುಕುವುದು ತಲೆಮಾರುಗಳ ವಿದ್ಯೆ. ಅವರಿಂದಲೋ, ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುವವರಿಂದಲೋ ನೇರ ಕೊಂಡರೆ ಹಣ ಸಲ್ಲಬೇಕಾದವರಿಗೆ ಸಲ್ಲುತ್ತದೆ. ಜೇನು ಕೆಡುವುದಿಲ್ಲ ಎಂಬ ಮಾತು ಅದರ ನೀರಿನಂಶ 20 ಪ್ರತಿಶತಕ್ಕಿಂತ ಕಡಿಮೆ ಇರುವವರೆಗೆ ನಿಜ. ನಮ್ಮ ತೇವದ ಹವೆಯಲ್ಲಿ ತುಡುವೆ ಜೇನು ಅದನ್ನು ಸುಲಭವಾಗಿ ದಾಟುತ್ತದೆ. ಹುಳಗಳು ಮೇಣದಿಂದ ಮುಚ್ಚಿದ ಕಣ್ಣುಗಳ ಜೇನು ಮಾತ್ರ ಕೇಳಿ ಪಡೆಯಿರಿ. ಮಳೆಗಾಲದಲ್ಲಿ ಬಾಟಲಿಗೆ ತುಂಬುವ ಕೆಲಸ ಬೇಡ, ಜೇನು ಗಾಳಿಯ ತೇವವನ್ನು ಹೀರುತ್ತದೆ. ಒಲೆಯ ಮೇಲೆ ಕಾಯಿಸಬೇಡಿ. ನೆಲ್ಲಿಕಾಯಿ, ಶುಂಠಿ ಜೇನಿನಲ್ಲಿ ಹಾಕಿ ಕೊಡುವುದು ಚೆಂದ ಕಾಣುತ್ತದೆ, ಆದರೆ ಹಸಿಯಾಗಿ ಹಾಕಿದರೆ ಅವು ನೀರು ಬಿಟ್ಟು ಇಡೀ ಬಾಟಲಿ ಹುಳಿಯುತ್ತದೆ. ಒಣಗಿಸಿದ್ದನ್ನೇ ಹಾಕಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಬಾಣಂತಿಯ ಮನೆಗೆ, ನಾಮಕರಣಕ್ಕೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಸುಕೇಳಿ ಎನ್ನುವ ಒಣ ಬಾಳೆಹಣ್ಣು ಮತ್ತು ಬಾಳೆಕಾಯಿ ಹಿಟ್ಟು ಒಣ ಬಾಟಲಿಗೆ ಒಗ್ಗುವ ಇನ್ನೆರಡು. 2021ರಲ್ಲಿ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಮುಂದೆ ನಿಂತು ಪ್ರಚಾರ ಮಾಡಿದ ‘ಬಾಕಾಹು’ ಇದೇ ಬಾಳೆಕಾಯಿ ಹಿಟ್ಟು. ಉತ್ತರ ಕನ್ನಡದ ಹೆಣ್ಣುಮಕ್ಕಳು ಅದನ್ನು ಬೇಗ ಕೈಗೆತ್ತಿಕೊಂಡರು. ಚಟ್ನಿಪುಡಿಯನ್ನೂ ಕೊಡಬಹುದು, ಆದರೆ ಒಣಕೊಬ್ಬರಿ ಹಾಕಿದ್ದು ತಿಂಗಳೆರಡು ತಿಂಗಳಲ್ಲಿ ಕಮಟು ಬರುತ್ತದೆ. ದೂರ ಹೋಗುವುದಕ್ಕೆ ಕೊಬ್ಬರಿ ಬಿಟ್ಟೇ ಮಾಡಿ.

ಬಾಟಲಿಗೆ ಬೇಡವಾದವು

ತಂಬುಳಿ, ಅಪ್ಪೆಹುಳಿ, ತೆಂಗಿನಕಾಯಿ ರುಬ್ಬಿ ಹಾಕಿದ ಯಾವುದೇ ಗೊಜ್ಜು ಅಂದಂದಿನ ಅಡುಗೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಅಪಾಯ ಬೇರೆ ಇದೆ. ಹಸಿ ಬೆಳ್ಳುಳ್ಳಿ, ಅಣಬೆ, ಬೇಯಿಸಿದ ತರಕಾರಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿಡುವುದು. ಗಾಳಿಯಿಲ್ಲದ, ಹುಳಿಯಿಲ್ಲದ, ಹಸಿ ಇರುವ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿ ಬೆಳೆದು ನರಗಳನ್ನೇ ಕಟ್ಟಿಹಾಕುವ ವಿಷ ಉಂಟುಮಾಡುತ್ತದೆ. ವಾಸನೆಯಿಂದಲೋ ಬಣ್ಣದಿಂದಲೋ ಅದು ತಿಳಿಯುವುದಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಅದು ಬೆಳೆಯದು. ಮಿಡಿ, ಲಿಂಬೆ, ಮುರುಗಲು ಎಲ್ಲವೂ ಅದಕ್ಕಿಂತ ಸಾಕಷ್ಟು ಕೆಳಗಿವೆ. ಮಳೆಗಾಲದ ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿ ಮನೆಯಲ್ಲಿ ತಿನ್ನಿ, ಬಾಟಲಿಯಲ್ಲಿ ಕಳಿಸಬೇಡಿ. ಹಲಸಿನ ಹಣ್ಣನ್ನು ಬೆಲ್ಲದೊಂದಿಗೆ ಕಾಯಿಸಿ, ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರು ಬೆರಟಿ ಎನ್ನುವ ಹಾಗೆ ಗಟ್ಟಿ ಮಾಡಿದ್ದಾದರೆ ಕೊಡಬಹುದು. ಅದು ಕೈಗಂಟದಷ್ಟು ಕಾಯಿಸಿದ್ದಿರಬೇಕು, ತಲುಪಿದ ಮೇಲೆ ಫ್ರಿಜ್ಜಿನಲ್ಲಿಡಲು ಹೇಳಬೇಕು.

ಚೀಟಿ, ಕಟ್ಟುವುದು, ಕಳಿಸುವುದು

ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಮೈದಾ ಅಂಟು ಇರುವೆ, ಬೂಷ್ಟು ಎರಡನ್ನೂ ಕರೆಯುತ್ತದೆ. ದಾರದಲ್ಲಿ ಕಂಠಕ್ಕೆ ಕಟ್ಟುವುದೇ ಲೇಸು. ಏನು, ಯಾವ ತಿಂಗಳು ಹಾಕಿದ್ದು, ಏನೇನು ಬಿದ್ದಿದೆ, ಹೇಗೆ ತಿನ್ನಬೇಕು, ಒದ್ದೆ ಚಮಚ ಬೇಡ. ಇಷ್ಟು ಸಾಕು. ಏನೇನು ಬಿದ್ದಿದೆ ಎಂಬುದನ್ನು ಬಿಡಬೇಡಿ. ಸಾಸಿವೆ ಆಗದವರಿದ್ದಾರೆ, ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರಿದ್ದಾರೆ.

ಕಳಿಸುವ ಹಿಂದಿನ ರಾತ್ರಿ ಬಾಟಲಿಗಳನ್ನು ತಟ್ಟೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ತಟ್ಟೆ ಒಣಗಿದ್ದರೆ ಬಸ್ಸಿಗೆ ಯೋಗ್ಯ. ಸುತ್ತಲು ಗುಳ್ಳೆ ಪ್ಲಾಸ್ಟಿಕ್ ಬೇಕಿಲ್ಲ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಬೇಕಾದಂತೆ ಮಡಿಯುತ್ತದೆ. ಬಾಟಲಿಯ ಸುತ್ತ ಮಡಿಸಿ ದಾರ ಕಟ್ಟಿ, ಬಾಟಲಿ ಹೊರತೆಗೆದು ಬಿಸಿಲಿಗಿಟ್ಟರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಬಾಟಲಿ ಕೂರಿಸಿ. ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದರೂ ಆಯಿತು. ವಿಮಾನದಲ್ಲಿ ಹೋಗುವವರು ಉಪ್ಪಿನಕಾಯಿ, ಜೇನು, ಬೆಲ್ಲ ಎಲ್ಲವನ್ನೂ ಚೆಕ್-ಇನ್ ಚೀಲಕ್ಕೇ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಮುಚ್ಚಳದ ಸುತ್ತ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಚೀಲದಲ್ಲಿಡಿ. ಹೊರದೇಶಕ್ಕಾದರೆ ಆ ದೇಶ ಏನನ್ನು ಬಿಡುತ್ತದೆಂದು ಮೊದಲೇ ನೋಡಿಕೊಳ್ಳಿ. ಜೇನನ್ನು ತಡೆಯುವ ದೇಶಗಳಿವೆ.

ಚೆನ್ನಾಗಿ ಬಂತೆಂದು ನಾಲ್ಕು ಜನ ಕೇಳತೊಡಗಿದರೆ ಮಾರುವ ಯೋಚನೆ ಬರುವುದು ಸಹಜ. ಶಿರಸಿಯಲ್ಲಿ 2001ರಿಂದ ಕೈತೋಟ, ಬೀಜ ಸಂರಕ್ಷಣೆಯ ಕೆಲಸ ಮಾಡುತ್ತಿರುವ ‘ವನಸ್ತ್ರೀ’ ಬಳಗದ ಮಲೆನಾಡ ಮೇಳದಲ್ಲಿ ಮನೆಯಲ್ಲಿ ಮಾಡಿದ್ದನ್ನು ತಂದು ಮಾರುವ ಹೆಣ್ಣುಮಕ್ಕಳನ್ನು ಕಂಡು ಮಾತಾಡಿಸಿ, ಬೆಲೆ ಕಟ್ಟುವುದು ಹೇಗೆಂದು ಅವರೇ ಹೇಳುತ್ತಾರೆ. ಆದರೆ ದುಡ್ಡು ಪಡೆದ ಕ್ಷಣದಿಂದ ನಿಯಮ ಬೇರೆ. ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಚೀಟಿಯಲ್ಲಿ ತೂಕ, ತಯಾರಿಸಿದ ದಿನ, ನೋಂದಣಿ ಸಂಖ್ಯೆ ಇರಬೇಕು. ಬಾಟಲಿ, ಮುಚ್ಚಳ ಎರಡೂ ಹೊಸದೇ ಇರಲಿ. ಹಳೆಯ ಬಾಟಲಿ ನೆಂಟರಿಷ್ಟರ ನಡುವಿನ ಕೊಡುಕೊಳೆಗೆ ಮಾತ್ರ.

ನೆಂಟರ ಬಳಿ ಬಾಟಲಿ ವಾಪಸ್ ಕೇಳಲು ಸಂಕೋಚ ಬೇಡ, ಚೀಟಿಯಲ್ಲೇ ಬರೆದುಬಿಡಿ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು ಎಂಬ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬೆಂಗಳೂರಿನ ಮಗಳು ಕಾಫಿ ಪುಡಿ ತುಂಬಿ ಕಳಿಸಬಹುದು, ಹುಬ್ಬಳ್ಳಿಯ ಗೆಳತಿ ಶೇಂಗಾ ಚಟ್ನಿ ತುಂಬಿ ಕಳಿಸಬಹುದು. ಎರಡು ಮೂರು ಸಲ ಹೀಗೆ ತಿರುಗಿದ ಬಾಟಲಿಯ ಮುಚ್ಚಳವನ್ನಷ್ಟೇ ಬದಲಿಸಿ. ಒಂದೇ ಅಳತೆಯ ಹೊಸ ಮುಚ್ಚಳ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಬಾಟಲಿ ಕೂಡಿಡುವಾಗಲೇ ಒಂದೇ ಬಾಯಿಯಳತೆಯವನ್ನು ಒಟ್ಟಿಗೆ ಇಟ್ಟುಕೊಂಡರೆ ಆಗ ಹುಡುಕಾಟ ತಪ್ಪುತ್ತದೆ.